ಕಚ್ಚೆ ಸೀರೆ ಉಟ್ಟು ಹಿಮದ ಗುಡ್ಡ ಹತ್ತಿದ್ದು

ನಮ್ಮ ಅಡಿಗೆಮನೆಯ ಬಾಗಿಲ ಹಿಂದೆ, ಮೊಳೆಯಿಂದ ಒಂದು ಉದ್ದನೆಯ ಪಟ್ಟಿ ಜೋತು ಬಿದ್ದಿದೆ. ಒಂದು ಮಗ್ಗುಲು ದಪ್ಪ ಬಟ್ಟೆ, ಇನ್ನೊಂದು ಮಗ್ಗುಲು ಒತ್ತಾಗಿ ನೆಟ್ಟ ರೋಮ. ಮುಂದಿನಿಂದ ಹಿಂದಕ್ಕೆ ಸವರಿದರೆ ರೇಶಿಮೆಯಂತೆ ಜಾರುತ್ತದೆ. ತಿರುಗಿಸಿ ಸವರಿದರೆ ಅಂಗೈಯನ್ನು ಹಿಡಿದು ನಿಲ್ಲಿಸುತ್ತದೆ. ಬೀಸುಕಲ್ಲಿನ ಸುತ್ತ ಚೆಲ್ಲಿದ ಜೋಳದ ಹಿಟ್ಟನ್ನು ಬಳಿಯಲು ಇದರಂಥ ಸಾಮಾನು ಧಾರವಾಡದ ಪೇಟೆಯಲ್ಲೆಲ್ಲೂ ಸಿಗಲಿಕ್ಕಿಲ್ಲ. ತೊಳೆದು ಒಣಗಿಸಿದ ಮೇಲೇ ಒಳಗೆ ತಂದಿದ್ದೇನೆ, ಮೂಗು ಮುರಿಯಬೇಡಿರಿ.

ಮೊನ್ನೆ ಹಾಲು ಹಾಕುವ ರುದ್ರವ್ವ ಅದನ್ನು ನೋಡಿ, ಯಾವ ಪ್ರಾಣಿಯ ಬಾಲ ಎಂದು ಕೇಳಿದಳು. ಬಾಲವಲ್ಲ, ಇದು ನನ್ನ ಕಾಲಿಗೆ ಕಟ್ಟಿಕೊಂಡಿದ್ದು, ಇದನ್ನು ಕಟ್ಟಿಕೊಂಡು ನಾನು ಹಿಮದ ಗುಡ್ಡ ದಾಟಿದ್ದೇನೆ ಎಂದೆ. ಆಕೆ ಹಾಲು ಅಳೆಯುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡಿದಳು. ಅಜ್ಜಿಗೆ ಅರಳುಮರಳು ಆಗಿದೆ ಎಂದು ಓಣಿಯಲ್ಲೆಲ್ಲ ಹೇಳುತ್ತಾಳೆ, ಹೇಳಲಿ. ಹೇಳಿದಷ್ಟೂ ನನಗೆ ಒಳ್ಳೆಯದೇ. ಯಾರಾದರೂ ವಿಚಾರಿಸಲು ಬರುತ್ತಾರೆ, ನಾನು ಮತ್ತೊಮ್ಮೆ ಮೊದಲಿನಿಂದ ಹೇಳಬಹುದು. ಈಗ ನೀವು ಸಿಕ್ಕಿದ್ದೀರಿ, ಕುಳಿತುಕೊಳ್ಳಿರಿ.

ನಾನು ಕಲಿತದ್ದು ಮೂರನೆಯ ಇಯತ್ತೆ. ಅದೂ ಪೂರ್ತಿ ಅಲ್ಲ. ಗಂಡ ತೀರಿಕೊಂಡ ಮೇಲೆ ಧಾರವಾಡದಲ್ಲಿ ಒಂದು ಖಾನಾವಳಿ ನಡೆಸಿದೆ. ಕಾಲೇಜಿನ ಹುಡುಗರಿಗೆ ರೊಟ್ಟಿ ಬಡಿದು ಬಡಿದು ನನ್ನ ಅಂಗೈಗಳು ಕಾವಲಿಯಂತೆ ಆಗಿವೆ. ಆ ಹುಡುಗರು ಊಟ ಮಾಡುತ್ತ ತಮ್ಮ ಪಾಠಗಳನ್ನು ಒದರುತ್ತಿದ್ದರು. ನನ್ನ ಮಗ ಪ್ರಭಾಕರ, ನಮ್ಮ ಬಾಯಲ್ಲಿ ಪ್ರಭ್ಯಾ, ಅವರ ತಾಟು ಎತ್ತುತ್ತ ಎತ್ತುತ್ತ ಆ ಪಾಠಗಳನ್ನೂ ಎತ್ತಿಕೊಂಡ. ಕಲಿತ, ಇನ್ನೂ ಕಲಿತ, ಕಲಿತು ಜರ್ಮನಿಗೆ ಹೋದ. ಡಾರ್ಮ್‌ಸ್ಟಾಟ್ ಎಂಬ ಊರಿನಲ್ಲಿ, ಆಕಾಶದಲ್ಲಿ ತಿರುಗುವ ಉಪಗ್ರಹಗಳಿಗೆ ನೆಲದ ಮೇಲೆ ಕುಳಿತು ಅಪ್ಪಣೆ ಕಳಿಸುವುದು ಅವನ ಕೆಲಸ. ಮನೆಯಲ್ಲಿ ಇವನ ಮಾತನ್ನು ಇವನ ಮಗಳೇ ಕೇಳುವುದಿಲ್ಲ. ಅಷ್ಟು ಮೇಲಿರುವುದು ಹೇಗೆ ಕೇಳುತ್ತದೋ, ನನಗಂತೂ ಇವತ್ತಿಗೂ ಸೋಜಿಗ.

ಆ ಮಗಳೇ ಶಾಲ್ಮಲಾ. ಹುಟ್ಟಿದ್ದು ಅಲ್ಲೇ, ಹೆಸರು ಮಾತ್ರ ನಮ್ಮ ಕಡೆಯ ಹೊಳೆಯದು. ಸೊಸೆ ಸುಧಾ ಎರಡನೆಯ ಸಲ ಬಸುರಾದಾಗ ಬಾಣಂತನಕ್ಕೆಂದು ನನ್ನನ್ನು ಕರೆಸಿಕೊಂಡರು. ಆಗ ಶಾಲ್ಮಲಾಗೆ ಹತ್ತು ತುಂಬಿತ್ತು. ನಾನು ಕನ್ನಡದಲ್ಲಿ ಕೇಳುವುದು, ಅವಳು ಜರ್ಮನ್‌ನಲ್ಲಿ ಉತ್ತರ ಕೊಡುವುದು. ಹೀಗೆಯೇ ನಾವಿಬ್ಬರೂ ಚಳಿಗಾಲವಿಡೀ ಜಗಳವಾಡಿದ್ದೇವೆ. ಯಾರು ಗೆದ್ದರು ಎಂಬುದು ಇಬ್ಬರಿಗೂ ತಿಳಿದಿಲ್ಲ. ಅವಳಿಗೆ ಕನ್ನಡ ಬರುತ್ತಿರಲಿಲ್ಲ ಎಂದಲ್ಲ. ಮಾತಾಡುವ ಗರಜು ಬಿದ್ದಿರಲಿಲ್ಲ, ಅಷ್ಟೇ.

ಜರ್ಮನ್ನರ ಮನೆಗಳ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಅಲ್ಲಿ ಒಂದು ಕಟ್ಟಡದಲ್ಲಿರುವವರೆಲ್ಲ ಪಾಳಿಯ ಪ್ರಕಾರ ಮೆಟ್ಟಿಲು ತೊಳೆಯಬೇಕು. ನಮ್ಮ ಪಾಳಿ ಬಂದಾಗ ನಾನು ತೊಳೆದೆ. ತೊಳೆದ ಮೇಲೆ ಬರಿದಾಗಿ ಬಿಟ್ಟರೆ ಹೇಗೆ, ಪ್ರತಿಯೊಂದು ಮೆಟ್ಟಿಲ ಮೇಲೂ ಒಂದೊಂದು ಎಳೆ ರಂಗೋಲಿ ಹಾಕಿದೆ. ಕೆಳಗಿನ ಮನೆಯ ಫ್ರೌ ಕ್ರಾಮರ್, ಅಂದರೆ ಕ್ರಾಮರ್ ಬಾಯಿಯವರು ಎಂದುಕೊಳ್ಳಿರಿ, ಇದು ಮಗುವಿನ ಕಿಡಿಗೇಡಿತನ ಎಂದು ತಿಳಿದು ಎಲ್ಲವನ್ನೂ ಒರೆಸಿ, ಶಾಲ್ಮಲಾಳನ್ನು ಬೈದು ಹೋದರು. ಕೆಟ್ಟ ಹೆಂಗಸಲ್ಲ ಆಕೆ. ನಾಲಿಗೆಗೆ ಮಾತ್ರ ಸ್ವಲ್ಪ ಖಾರ ಹೆಚ್ಚು.

ಆ ನಾಲಿಗೆಯಿಂದಲೇ ನಮ್ಮ ಹುಡುಗಿಗೆ ಒಂದು ಮುಳ್ಳು ನಟ್ಟಿತ್ತು. ಅಲ್ಲಿಯ ಜನ ಚಳಿಗಾಲದಲ್ಲಿ ಕಾಲಿಗೆ ಸ್ಕೀ ಎಂಬ ಉದ್ದನೆಯ ಹಲಗೆಗಳನ್ನು ಕಟ್ಟಿಕೊಂಡು ಗುಡ್ಡ ಹತ್ತುತ್ತಾರೆ. ಶನಿವಾರ ಒಂದು ಗುಡ್ಡದ ಗುಡಿಸಲಲ್ಲಿ ಉಳಿದು, ರವಿವಾರ ಗುಡ್ಡದ ನೆತ್ತಿ ದಾಟಿ ಇನ್ನೊಂದು ಗುಡಿಸಲಿಗೆ ಹೋಗುವುದು. ದಾರಿ ತೋರಿಸಲು ಗುಡ್ಡದವನೇ ಒಬ್ಬ ಇರುತ್ತಾನೆ. ಹಿಂದಿನ ವರ್ಷ ಶಾಲ್ಮಲಾ ಅಪ್ಪನ ಜೊತೆ ಹೋಗಿದ್ದಳು. ನೆತ್ತಿಯ ಕೆಳಗೆ, ಕಡಿದಾದ ಜಾಗದಲ್ಲಿ ಒಂದು ತಿರುವು. ಅಲ್ಲಿ ಹೆದರಿ ನಿಂತವಳು ಮುಂದಕ್ಕೆ ಕಾಲೆತ್ತಲಿಲ್ಲ. ಅವಳೊಬ್ಬಳಿಗಾಗಿ ಗುಂಪೆಲ್ಲ ಹಿಂದಿರುಗಬೇಕಾಯಿತು. ಆ ಗುಂಪಿನಲ್ಲಿ ಫ್ರೌ ಕ್ರಾಮರ್ ಮತ್ತು ಅವರ ಮಾತಾಡದ ಗಂಡ ಇದ್ದರು. ಅಂದಿನಿಂದ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಆಕೆ ನಗುತ್ತ, ಹೋದ ವರ್ಷ ನಮ್ಮನ್ನು ಅರ್ಧ ದಾರಿಯಿಂದ ಮನೆಗೆ ಕರೆತಂದ ಹುಡುಗಿ ಇವಳೇ ಅಲ್ಲವೆ ಎನ್ನುವರು. ‘ಹೋದ ವರ್ಷ’ ಎಂಬುದಕ್ಕೆ ಜರ್ಮನ್‌ನಲ್ಲಿ ಏನೆನ್ನುತ್ತಾರೆ ಎಂದು ನಾನು ಕಲಿತದ್ದೇ ಆ ಮೆಟ್ಟಿಲಲ್ಲಿ. ಹುಡುಗಿ ಆಕೆಯನ್ನು ತಪ್ಪಿಸಲು ನೆಲಮಾಳಿಗೆಯ ಬಾಗಿಲಿನಿಂದ ಓಡಾಡತೊಡಗಿದಳು.

ಆದರೂ ಮತ್ತೆ ಹೋಗುತ್ತೇನೆ ಎಂದು ಹೆಸರು ಕೊಟ್ಟವಳು ತಾನೇ. ನಡುಮನೆಯಲ್ಲಿ ಹಲಗೆ ಕಟ್ಟಿಕೊಂಡು ಆ ತಿರುವನ್ನು ಎಷ್ಟು ಸಲ ತಿರುಗಿದಳೆಂದರೆ ನೆಲದ ಮೇಲೆ ಗೀರು ಬಿದ್ದವು. ಹೊರಡುವ ವಾರ ಬಂತು, ಪ್ರಭ್ಯಾನ ಕಚೇರಿಯಿಂದ ಕರೆಯೂ ಬಂತು. ಆಕಾಶದಲ್ಲಿರುವುದು ಏನೋ ತಕರಾರು ಮಾಡಿತ್ತು, ಅವನು ಊರು ಬಿಡುವಂತಿರಲಿಲ್ಲ. ಸುಧಾಳ ಹೊಟ್ಟೆಯಂತೂ ಬಾಗಿಲು ತುಂಬುವಷ್ಟಾಗಿತ್ತು. ದಾರಿ ತೋರಿಸುವವನ ಕಟ್ಟಳೆ ಖಡಾಖಡಿ. ಇಷ್ಟು ಸಣ್ಣವರನ್ನು ಮನೆಯವರೊಬ್ಬರು ಜೊತೆಗಿದ್ದರಷ್ಟೇ ಕರೆದೊಯ್ಯುವುದು. ಆ ಮನೆಯವರಿಗೆ ಮುಂದೆ ಆಗದಿದ್ದರೆ ಮಗುವೂ ಅವರೊಂದಿಗೆ ಕೆಳಗಿಳಿಯಬೇಕು.

ನಾನು ಬರುತ್ತೇನೆ ಎಂದೆ. ಪ್ರಭ್ಯಾ ನಕ್ಕ.

“ಅವ್ವಾ, ಇದು ನುಗ್ಗಿಕೇರಿ ಹನಮಪ್ಪನ ಗುಡಿಗೆ ನಡಕೋಂತ ಹೋಗಿ ಬಂದಂಗಲ್ಲ.”

“ನುಗ್ಗಿಕೇರಿಗೆ ನೀ ಎಂದ ನಡದೀಪಾ? ಸೈಕಲ್ ಮ್ಯಾಲ ಕುಂತು ಹಿಂದ ಬರ್ತಿದ್ದಿ. ಶನಿವಾರಕ್ಕೊಮ್ಮೆ ನಡದಾಕಿ ನಾನು.”

ಅವನು ಇನ್ನೂ ಏನೇನೋ ಹೇಳುತ್ತಿದ್ದ. ಅಷ್ಟರಲ್ಲಿ ಶಾಲ್ಮಲಾ ಯಾವ ಭಾಷೆಯಲ್ಲೂ ಒಂದು ಮಾತಾಡದೆ, ತನ್ನ ತಾಯಿಯ ದಪ್ಪ ಬೂಟುಗಳನ್ನು ತಂದು ನನ್ನ ಮುಂದೆ ಮೊಣಕಾಲೂರಿ ಕುಳಿತು, ನನ್ನ ಕಾಲನ್ನು ಎತ್ತಿ ಅದರೊಳಗೆ ತೂರಿಸಿದಳು. ಸರಿಯಾಗಿ ಕುಳಿತಿತು. ಮೇಲೆ ನೋಡಿದಳು. ಆ ಮುಖವನ್ನು ನೋಡಿದ ಮೇಲೆ ಬರುವುದಿಲ್ಲ ಎನ್ನಲು ನನಗೆ ಹಕ್ಕೇ ಉಳಿಯಲಿಲ್ಲ.

ನನ್ನ ವೇಷವನ್ನು ಹೇಳಲೇಬೇಕು. ಒಳಗೆ ಪ್ರಭ್ಯಾನ ಉಣ್ಣೆಯ ಪ್ಯಾಂಟು, ಅದರ ಮೇಲೆ ನನ್ನ ಇಳಕಲ್ ಸೀರೆ, ಬಿಗಿಯಾದ ಕಚ್ಚೆ. ಮೈಮೇಲೆ ಅವನದೇ ಕೋಟು, ತಲೆಗೆ ಮಂಕಿ ಟೋಪಿ. ಸೀರೆ ಬಿಟ್ಟು ಬಾ ಎಂದು ಸುಧಾ ಹೇಳಿನೋಡಿದಳು. ಕಚ್ಚೆ ಹಾಕಿದ ಮೇಲೆ ಕಾಲಿಗೆ ಏನು ಅಡ್ಡಿ ಹೇಳಿರಿ. ಪ್ಯಾಂಟಿಗಿಂತ ಅದೇ ಸಡಿಲ. ರೈಲು ನಿಲ್ದಾಣದಲ್ಲಿ ಫ್ರೌ ಕ್ರಾಮರ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು, ಕೆಳಗಿನಿಂದ ಮೇಲೆ ನೋಡಿದರು, ಕಡೆಗೆ ಗಂಡನ ಮುಖ ನೋಡಿದರು. ಆತ ರೈಲಿನ ಕಿಟಕಿ ನೋಡಿದ.

ದಾರಿ ತೋರಿಸುವವನ ಹೆಸರು ಆಲೋಯಿಸ್. ನಾನು ಆಲೋಯಿಸಪ್ಪ ಎಂದು ಕರೆದೆ, ಅವನು ಓ ಎಂದ, ಅಲ್ಲಿಗೆ ನಮ್ಮ ಪರಿಚಯ ಮುಗಿಯಿತು. ಬಿಸಿಲಿಗೆ ಸುಟ್ಟ ಮುಖ, ಚಕ್ಕಳದಂಥ ಕೈ, ಮಾತು ಕಮ್ಮಿ. ಹಲಗೆಯ ತಳಕ್ಕೆ ಈ ರೋಮದ ಪಟ್ಟಿ ಕಟ್ಟುವುದನ್ನು ಅವನೇ ತೋರಿಸಿದ. ಕಾಲನ್ನು ಎತ್ತಬಾರದು, ಮುಂದಕ್ಕೆ ನೂಕಬೇಕು. ಮುಂದೆ ಹೋಗುವಾಗ ರೋಮ ಮಲಗಿ ಜಾರುತ್ತದೆ, ಹಿಂದಕ್ಕೆ ಸರಿಯಹೋದರೆ ಎದ್ದುನಿಂತು ಹಿಮವನ್ನು ಹಿಡಿಯುತ್ತದೆ. ನೂಕಿದೆ. ಜಾರಿತು. ನಿಂತಿತು. ಮತ್ತೆ ನೂಕಿದೆ. ರೊಟ್ಟಿ ಬಡಿಯುವಾಗ ಎರಡೂ ಅಂಗೈಗಳಿಗೆ ಒಂದು ತಾಳ ಇರುತ್ತದೆ, ನೋಡಿರಿ. ಆ ತಾಳವನ್ನೇ ಕಾಲಿಗೆ ಇಳಿಸಿದೆ. ಎಷ್ಟು ರೊಟ್ಟಿ ಬಡಿದೆನೋ, ಗಿಡಗಳ ನಡುವಿನ ಹಾದಿ ಮುಗಿದೇಹೋಯಿತು.

ಅವತ್ತು ಶನಿವಾರ, ನನ್ನದು ಒಪ್ಪತ್ತು. ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಮಧ್ಯಾಹ್ನ ಬಂಡೆಯೊಂದರ ಮರೆಯಲ್ಲಿ ಕುಳಿತಾಗ ಎಲ್ಲರ ಬ್ರೆಡ್ಡೂ ಚಳಿಗೆ ಹಲಗೆಯಾಗಿತ್ತು. ನಮ್ಮ ರೊಟ್ಟಿ ಹುಟ್ಟುವಾಗಲೇ ಖಡಕ್, ಅದಕ್ಕೆ ಚಳಿ ಇನ್ನೇನು ಮಾಡೀತು. ಮಾತಾಡದ ಕ್ರಾಮರ್ ಕೈ ಚಾಚಿ ಒಂದು ಚೂರು ತೆಗೆದುಕೊಂಡು ಹಿಂಡಿಯಲ್ಲಿ ಅದ್ದಿ ತಿಂದ. ಮುಖ ಕೆಂಪಾಯಿತು. ಕಣ್ಣೊರೆಸಿಕೊಂಡು ಮತ್ತೊಂದು ಚೂರಿಗೆ ಕೈ ಚಾಚಿದ. ಊಟ ಹಾಕಿದವಳಿಗೆ ಇದಕ್ಕಿಂತ ದೊಡ್ಡ ಮಾತು ಬೇಕೆ.

ಮೊದಲ ಗುಡಿಸಲು ನಾನು ನೆನೆಸಿದಂತೆ ಗುಡಿಸಲಲ್ಲ, ಗಟ್ಟಿಮುಟ್ಟಾದ ಕಟ್ಟಿಗೆಯ ಮನೆ. ಒಳಗೆ ದೊಡ್ಡ ಒಲೆ, ಸಾಲಾಗಿ ಹಾಸಿಗೆ. ಬೂಟನ್ನು ಹೊರಗೆ ಬಿಟ್ಟು ಬರುವ ಜರ್ಮನ್ನರನ್ನು ನಾನು ಮೊದಲ ಸಲ ಅಲ್ಲಿ ಕಂಡೆ. ನಮ್ಮ ಪೈಕಿಯೇ ಎನಿಸಿತು. ಬೆಳಕಿರುವಾಗಲೇ ಶಾಲ್ಮಲಾ ನನ್ನನ್ನು ಅಂಗಳಕ್ಕೆ ಎಳೆದು ತಿರುವು ತಿರುಗುವುದನ್ನು ಕಲಿಸಿದಳು. ಒಂದು ಹಲಗೆಯನ್ನು ಎತ್ತಿ ಪೂರ್ತಿ ಹಿಂದುಮುಂದಾಗಿ ಇಡಬೇಕು. ಆಗ ಒಂದು ಪಾದ ಮೂಡಣಕ್ಕೆ, ಒಂದು ಪಾದ ಪಡುವಣಕ್ಕೆ. ಆಮೇಲೆ ಎರಡನೆಯದನ್ನು ಎತ್ತಿ ಮೊದಲನೆಯದರ ಪಕ್ಕಕ್ಕೆ ತರಬೇಕು. ನಾನು ಮೂಡಣ ಪಡುವಣದ ನಡುವೆಯೇ ನಿಂತು ನಾಲ್ಕಾರು ಸಲ ಕುಸಿದೆ. ಅವಳು ಜರ್ಮನ್‌ನಲ್ಲಿ ಬೈದಳು, ನಾನು ಕನ್ನಡದಲ್ಲಿ ಬೈದೆ. ಕಡೆಗೆ ಒಮ್ಮೆ ಬಂತು.

ಈಗ ಕೇಳಿರಿ ನನ್ನ ಫಜೀತಿ. ರವಿವಾರ ಬೆಳಿಗ್ಗೆ ಎಲ್ಲರೂ ಹಲಗೆ ಕಟ್ಟಿ ಸಾಲಾಗಿ ನಿಂತಿದ್ದೆವು. ಆಲೋಯಿಸಪ್ಪ ಹಿಂದಿನ ದಿನವೇ ಹೇಳಿದ್ದ. ನೆತ್ತಿಯ ಕೆಳಗಿನ ಕಡಿದಾದ ಜಾಗಕ್ಕೆ ಬಿಸಿಲು ತಾಗಿದರೆ ಹಿಮ ಸಡಿಲವಾಗಿ ಜಾರಬಹುದು. ನೆರಳಿರುವಾಗಲೇ ದಾಟಬೇಕು, ಬಿಸಿಲು ಮೊದಲು ಬಂದರೆ ವಾಪಸು. ಹೊರಡುವ ಹೊತ್ತಿಗೆ ಆ ಮನೆಯ ಯಜಮಾನಿ ಬಾಗಿಲಿಗೆ ಬಂದು, ಒಬ್ಬೊಬ್ಬರನ್ನೂ ನಿಲ್ಲಿಸಿ ಎಲ್ಲಿಗೆ ಎಂದು ಕೇಳಿದಳು. ಆ ಒಂದು ಮಾತು ನನಗೆ ಗೊತ್ತಿತ್ತು. ನನ್ನ ಮುಂದೆ ಬಂದು ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು. ಕಾಲು ನೂಕಲು ಹೊರಟವಳು ಅಲ್ಲಿಯೇ ನಿಂತೆ.

ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೊರಟವರನ್ನು ಎಲ್ಲಿಗೆ ಎಂದು ನಮ್ಮಲ್ಲಿ ಯಾರಾದರೂ ಕೇಳುತ್ತಾರೆಯೇ? ತೀರ ತಿಳಿಯಬೇಕೆಂದರೆ ‘ದೂರ ಹೊಂಟ್ರೇನ್ರಿ’ ಎನ್ನಬಹುದು. ಕೇಳಿಬಿಟ್ಟರೆ ಹೊರಟವರು ಒಳಗೆ ಹೋಗಿ ಕುಳಿತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ಅದೂ ಇಂಥ ದಾರಿಗೆ, ಮೊಮ್ಮಗಳನ್ನು ಕಟ್ಟಿಕೊಂಡು ಹೊರಟಾಗ. ನಾನು ಹಲಗೆ ಬಿಚ್ಚಿದೆ. ಬೂಟು ಬಿಚ್ಚಿದೆ. ಒಳಗೆ ಹೋಗಿ ಒಲೆಯ ಪಕ್ಕದ ಬೆಂಚಿನ ಮೇಲೆ ಕುಳಿತು ನೀರು ಕೇಳಿದೆ.

ಯಾರಿಗೂ ತಲೆಬುಡ ತಿಳಿಯಲಿಲ್ಲ. ನನಗೆ ಮೈಗೆ ಸರಿಯಿಲ್ಲವೆಂದುಕೊಂಡು ಯಜಮಾನಿ ನಾಡಿ ಹಿಡಿದಳು. ಆಲೋಯಿಸಪ್ಪ ಕಿಟಕಿಯಿಂದ ಗುಡ್ಡವನ್ನು ನೋಡಿದ, ನನ್ನನ್ನು ನೋಡಿದ. ಶಾಲ್ಮಲಾ ಬಂದು ಮುಂದೆ ನಿಂತಳು. ಕಣ್ಣು ತುಂಬಿತ್ತು. ಏನಾಯಿತು ಎಂದು ಜರ್ಮನ್‌ನಲ್ಲಿ ಕೇಳಿದಳು, ನಾನು ಹೇಳಿದೆ. ಅವಳಿಗೆ ಅರ್ಥವಾಯಿತು, ಅವರಿಗೆ ತಿಳಿಹೇಳಲು ಆಗಲಿಲ್ಲ. ಹೇಗೆ ಹೇಳಿಯಾಳು ಪಾಪ. ಯಜಮಾನಿ ಕೇಳಿದ್ದಕ್ಕೂ ಕಾರಣವಿತ್ತೆಂದು ಆಮೇಲೆ ತಿಳಿಯಿತು. ಇಲ್ಲಿಂದ ಇಂಥವರು ಹೊರಟರು ಎಂದು ಆಚೆಯ ಮನೆಗೆ ಫೋನು ಮಾಡುತ್ತಾಳಂತೆ, ಮುಟ್ಟದಿದ್ದರೆ ಅವರು ಹುಡುಕಲು ಬರುತ್ತಾರಂತೆ. ನಾವು ‘ಎಲ್ಲಿಗೆ’ ಎಂದು ಕೇಳದಿರುವುದು ಸುರಕ್ಷಿತವಾಗಿ ಮುಟ್ಟಲೆಂದು, ಅವರು ಕೇಳುವುದೂ ಅದಕ್ಕೇ. ಆಗ ಇಷ್ಟು ಶಾಂತವಾಗಿ ಯೋಚಿಸುವ ಸ್ಥಿತಿ ನನ್ನದಲ್ಲ. ನೀರು ಕುಡಿದೆ, ಹನಮಪ್ಪನನ್ನು ನೆನೆದೆ, ಮತ್ತೆ ಬೂಟು, ಮತ್ತೆ ಹಲಗೆ. ಬಾಗಿಲಲ್ಲಿ ಫ್ರೌ ಕ್ರಾಮರ್ ಗಂಡನಿಗೆ ಏನೋ ಹೇಳಿದರು. ‘ಹೋದ ವರ್ಷ’ ಎಂಬುದು ಕಿವಿಗೆ ಬಿತ್ತು, ಅದರ ಹಿಂದೆಯೇ ಅಜ್ಜಿ ಎಂಬುದೂ. ಹೋದ ವರ್ಷ ಮೊಮ್ಮಗಳು, ಈ ವರ್ಷ ಅಜ್ಜಿ. ಅದನ್ನು ತಿಳಿಯಲು ಶಾಲೆ ಕಲಿಯಬೇಕಾಗಿಲ್ಲ.

ಹೊತ್ತು ಹೋಗಿತ್ತು. ಎದುರಿನ ಗುಡ್ಡದ ಮೇಲಿನಿಂದ ಬಿಸಿಲು ಇಳಿಯುತ್ತಿತ್ತು, ಹಾಲು ಉಕ್ಕಿ ಪಾತ್ರೆಯ ಅಂಚಿನಿಂದ ಇಳಿಯುವಂತೆ. ಆಲೋಯಿಸಪ್ಪ ಮುಂದೆ, ಕ್ರಾಮರ್ ದಂಪತಿ ಅವನ ಹಿಂದೆ, ಆಮೇಲೆ ಶಾಲ್ಮಲಾ, ಕೊನೆಗೆ ನಾನು. ನಾನು ಮದುವೆಮನೆಯ ಪಂಕ್ತಿಗೆ ರೊಟ್ಟಿ ಬಡಿಯುವ ವೇಗದಲ್ಲಿ ಕಾಲು ನೂಕಿದೆ. ಎದೆ ತಿದಿಯಂತೆ ಊದುತ್ತಿತ್ತು. ನನ್ನಿಂದಾಗಿ ಈ ಹುಡುಗಿ ಮತ್ತೊಂದು ವರ್ಷ ನೆಲಮಾಳಿಗೆಯ ಬಾಗಿಲಿನಿಂದ ಓಡಾಡಬೇಕಾದೀತು ಎಂಬುದೊಂದೇ ತಲೆಯಲ್ಲಿ.

ಆ ಕಡಿದಾದ ಜಾಗ ಬಂತು. ತಿರುವೂ ಬಂತು. ಮುಂದಿನವರು ತಿರುಗಿ ಮೇಲೆ ಹೋದರು. ಶಾಲ್ಮಲಾ ನಿಂತಳು. ಒಂದು ಹಲಗೆಯನ್ನು ಅರ್ಧ ಎತ್ತಿ ಮತ್ತೆ ಇಟ್ಟಳು. ಮತ್ತೊಮ್ಮೆ ಎತ್ತಿದಳು, ಇಟ್ಟಳು. ಅದೇ ಜಾಗ, ಅವಳು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಬೆನ್ನು ನೋಡಿದರೇ ತಿಳಿಯುತ್ತಿತ್ತು. ಮೇಲಿನಿಂದ ಆಲೋಯಿಸಪ್ಪ ಮೆಲ್ಲಗೆ ಏನೋ ಕೇಳಿದ. ಇವಳು ತಲೆಯಾಡಿಸಿದಳು. ಆಗುತ್ತದೆ ಎಂದೋ ಆಗುವುದಿಲ್ಲ ಎಂದೋ, ಗೊತ್ತಾಗಲಿಲ್ಲ.

ಅವಳಿಗೆ ಧೈರ್ಯ ಹೇಳಬೇಕೆಂದು ನಾನು ಬಾಯಿ ತೆರೆದೆ. ತೆರೆದವಳು ಒಂದು ಗಳಿಗೆ ಕೆಳಗೆ ನೋಡಿದೆ. ಯಾಕೆ ನೋಡಿದೆನೋ. ಕೆಳಗೆ ನಾವು ಬಿಟ್ಟುಬಂದ ಮನೆ ಉಪ್ಪಿನ ಡಬ್ಬಿಯಷ್ಟು ಕಂಡಿತು. ಹಲಗೆ ಅಡ್ಡಕ್ಕೆ ಸರಿದು, ಒಂದು ಕೋಲು ಕೈಯಿಂದ ಜಾರಿ ಹಿಮದಲ್ಲಿ ಮಲಗಿತು. ನನ್ನ ಬಾಯಿಂದ ಬಂದದ್ದು ಧೈರ್ಯದ ಮಾತಲ್ಲ.

“ಶಾಲೀ, ನಂಗ ಅಂಜಿಕಿ ಬರಾಕತ್ತೈತಿ.”

ಹುಡುಗಿ ತಿರುಗಿ ನನ್ನನ್ನು ನೋಡಿದಳು. ಆ ನೋಟವನ್ನು ಹೇಗೆ ಹೇಳಲಿ. ದೊಡ್ಡವರಿಗೂ ಅಂಜಿಕೆಯಾಗುತ್ತದೆ ಎಂಬುದು ಅವಳಿಗೆ ಅಲ್ಲಿಯವರೆಗೆ ತಿಳಿದೇ ಇರಲಿಲ್ಲವೇನೋ. ಮರುಕ್ಷಣ ಒಂದು ಹಲಗೆ ಎದ್ದಿತು, ತಿರುಗಿತು, ಕುಳಿತಿತು. ಎರಡನೆಯದು ಅದರ ಪಕ್ಕಕ್ಕೆ ಬಂತು. ತಾನು ತಿರುಗಿದ್ದು ಅವಳಿಗೇ ಗೊತ್ತಾಯಿತೋ ಇಲ್ಲವೋ. ಅವಳ ಗಮನವೆಲ್ಲ ನನ್ನ ಮೇಲಿತ್ತು. ತಿರುಗಿದ ಮೇಲೆ ಹಾದಿ ನನ್ನ ತಲೆಯ ಮೇಲಿಂದಲೇ ಹಿಂದಕ್ಕೆ ಹೋಗುವುದರಿಂದ ಈಗ ನನಗೆ ಎದುರಾಗಿ ನಿಂತಿದ್ದಳು. ಬಾಗಿ ತನ್ನ ಒಂದು ಕೋಲನ್ನು ನನಗೆ ಚಾಚಿದಳು. ಆಮೇಲೆ ಮಾತಾಡಿದಳು. ಕನ್ನಡ, ಅಚ್ಚ ಧಾರವಾಡದ್ದು, ನನ್ನ ಬೈಗಳಿಂದಲೇ ಕಲಿತದ್ದು.

“ಅಜ್ಜಿ, ಕೆಳಗ ನೋಡಬ್ಯಾಡ. ನನ್ನ ನೋಡು.”

“ನೋಡಾಕತ್ತೀನಿ.”

“ಮ್ಯಾಲಿನ ಕಾಲು ಎತ್ತು. ತಿರುಗ್ಸು. ಇಡು.”

“ಇಟ್ಟೆ.”

“ಅದರ ಮ್ಯಾಲ ಮೈಯ ಒಜ್ಜಿ ಹಾಕು. ಈಗ ಇನ್ನೊಂದು ಕಾಲಿನ ಹಿಮ್ಮಡಿ ಒದಿ.”

“ಯಾರಿಗೆ ಒದೀಲೇ?”

“ಹಿಮಕ್ಕ ಒದಿ ಅಜ್ಜಿ. ಜೋರ ಒದಿ.”

ಒದ್ದೆ. ಇಷ್ಟು ವರ್ಷ ಯಾರಿಗೂ ಒದೆಯದೆ ಉಳಿಸಿಕೊಂಡಿದ್ದನ್ನೆಲ್ಲ ಸೇರಿಸಿ ಒದ್ದೆ. ಹಲಗೆಯ ತುದಿ ಮೇಲೆದ್ದು, ಗಾಳಿಯಲ್ಲಿ ಸುತ್ತಿ, ಇನ್ನೊಂದರ ಮಗ್ಗುಲಿಗೆ ಬಂದು ಬಿತ್ತು. ನಾನು ತಿರುಗಿದ್ದೆ. ಮೂಡಣಕ್ಕಿದ್ದ ನಾನು ಪಡುವಣಕ್ಕೆ ಮುಖ ಮಾಡಿ ನಿಂತಿದ್ದೆ. ಬಿದ್ದ ಕೋಲನ್ನು ಅವಳೇ ಎತ್ತಿಕೊಂಡಳು.

ಅಲ್ಲಿಂದ ಮೇಲೆ ಇನ್ನೂ ತಿರುವುಗಳಿದ್ದವು. ಪ್ರತಿ ತಿರುವಿನಲ್ಲೂ ಮೊದಲು ತಾನು ತಿರುಗಿ, ಎದುರು ನಿಂತು, ಎತ್ತು, ಇಡು, ಒದಿ. ನನಗೆ ಹಿಂದೆಮುಂದೆ ನೋಡಲು ಬಿಡುವೇ ಕೊಡಲಿಲ್ಲ. ನೆತ್ತಿಗೆ ಕಾಲಿಟ್ಟಾಗ ಆಲೋಯಿಸಪ್ಪ ನಮ್ಮ ಬೆನ್ನ ಹಿಂದಿನ ಕಡಿದಾದ ಇಳಿಜಾರನ್ನು ನೋಡುತ್ತಿದ್ದ. ಇನ್ನೂ ನೆರಳು. ನಾವು ನೋಡುತ್ತಿರುವಂತೆಯೇ ಅದರ ಮೇಲಂಚಿಗೆ ಬಿಸಿಲು ತಾಗಿ ಹಿಮ ಮಿಣಕ್ಕೆಂದಿತು. ಅವನು ಟೋಪಿ ತೆಗೆದ. ಅವರ ಪದ್ಧತಿಯಂತೆ ಮೇಲೆ ಮುಟ್ಟಿದವರ ಕೈ ಕುಲುಕಬೇಕು. ದೊಡ್ಡವರನ್ನೆಲ್ಲ ಬಿಟ್ಟು ಮೊದಲು ಶಾಲ್ಮಲಾಳ ಕೈ ಕುಲುಕಿದ. ಎರಡನೆಯದು ನನ್ನದು. ನನ್ನ ಅಂಗೈ ಮುಟ್ಟಿ ಏನೋ ಹೇಳಿ ನಕ್ಕ. ನಿನ್ನ ಕೈ ತನ್ನ ಕೈಗಿಂತ ಗಟ್ಟಿ ಎನ್ನುತ್ತಾನೆ ಎಂದು ಹುಡುಗಿ ಹೇಳಿದಳು. ಫ್ರೌ ಕ್ರಾಮರ್ ತಮ್ಮ ಚಾಕಲೇಟನ್ನು ಮುರಿದು ದೊಡ್ಡ ತುಂಡನ್ನು ಹುಡುಗಿಗೆ ಕೊಟ್ಟರು. ಆ ದಿನ ಅವರ ಬಾಯಿಂದ ‘ಹೋದ ವರ್ಷ’ ಮತ್ತೆ ಬರಲಿಲ್ಲ.

ಇಳಿಯುವಾಗ ಎಲ್ಲರೂ ರೋಮದ ಪಟ್ಟಿ ಕಿತ್ತು ಮಡಚಿ ಚೀಲಕ್ಕೆ ಹಾಕಿದರು. ನಿನ್ನದು ಮಾತ್ರ ಇರಲಿ ಬಿಡು ಎಂದು ಆಲೋಯಿಸಪ್ಪ ನನಗೆ ಕೈಸನ್ನೆ ಮಾಡಿದ. ಅವರು ಗಿಡುಗಗಳಂತೆ ಇಳಿದರು, ನಾನು ಹೇರಿದ ಚಕ್ಕಡಿಯಂತೆ ಇಳಿದೆ. ಶಾಲ್ಮಲಾ ಸ್ವಲ್ಪ ಹಾರುವಳು, ನಿಂತು ಕಾಯುವಳು, ಮತ್ತೆ ಹಾರುವಳು. ಎರಡು ಸಲ ಕುಂಡಿಯ ಮೇಲೆ ಬಿದ್ದೆ, ಕಚ್ಚೆ ಕಳಚಲಿಲ್ಲ. ಬಿದ್ದಾಗಲೂ ನಗು ಬರುತ್ತಿತ್ತು. ಆ ಬಿಳುಪಿನಲ್ಲಿ, ಆ ಬಿಸಿಲಿನಲ್ಲಿ ನಾನು ಯಾವ ನಮೂನೆ ನಕ್ಕೆನೆಂದರೆ, ಆಚೆಯ ಮನೆಯವರು ನಾವು ಮುಟ್ಟುವ ಮೊದಲೇ ಹೊರಗೆ ಬಂದು ನಿಂತಿದ್ದರು.

ಆ ಮನೆಯಲ್ಲಿ ಫೋನು ಇತ್ತಲ್ಲ. ಬೂಟು ಬಿಚ್ಚುವುದಕ್ಕೂ ಮೊದಲು ಶಾಲ್ಮಲಾ ಯಜಮಾನನನ್ನು ಕೇಳಿಕೊಂಡು ಡಾರ್ಮ್‌ಸ್ಟಾಟ್‌ಗೆ ಹಚ್ಚಿಸಿದಳು. ಅಲ್ಲಿ ಪ್ರಭ್ಯಾ ಕೈಯಲ್ಲಿ ಜೀವ ಹಿಡಿದು ಕುಳಿತಿದ್ದನೆಂದು ಕಾಣುತ್ತದೆ, ಗಂಟೆ ಒಮ್ಮೆ ಬಾರಿಸುತ್ತಲೇ ಎತ್ತಿದ. ನಾನು ಪಕ್ಕದಲ್ಲೇ ನಿಂತಿದ್ದೆ, ಅವನ ದನಿ ನನಗೂ ಕೇಳುತ್ತಿತ್ತು. ಮೊದಲು ಕೇಳಿದ್ದು ನನ್ನನ್ನೇ. ಅವ್ವ ಎಲ್ಲಿ, ಅವ್ವ ಹೇಗಿದ್ದಾಳೆ, ಎಲ್ಲಿಯವರೆಗೆ ಬಂದಳು.

ಹುಡುಗಿ ಎದೆ ಉಬ್ಬಿಸಿ ನಿಂತಳು.

“ಅಪ್ಪಾ, ಅಜ್ಜಿನ್ನ ನಾ ಕರಕೊಂಡು ಬಂದೆ. ಆಕಿ ಅಂಜಿದ್ಲು. ಆದ್ರೂ ಕರಕೊಂಡು ಬಂದೆ.”

ಅವ್ವನ ಕೈಗೆ ಕೊಡು ಎಂದ ಪ್ರಭ್ಯಾ. ಹಿಮದಿಂದ ಮರಗಟ್ಟಿದ ಕೈಯಲ್ಲಿ ನಾನು ಫೋನು ಹಿಡಿದೆ.

“ಹೌದೇನವ್ವಾ?”

ನಾನು ಶಾಲ್ಮಲಾಳ ಮುಖ ನೋಡಿದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

“ಹೌದಪಾ,” ಎಂದೆ. “ಆಕೀನ ಕರಕೊಂಡು ಬಂದ್ಲು.”